ಹುರುಳಿಯ ಮೇಲೆ ಹೊರಿಸಿದ ತಪ್ಪು

ಹುಣಸೇದೊಡ್ಡಿ, ಬೆಳಕವಾಡಿ ದಾರಿ
ಮಳವಳ್ಳಿ ತಾಲ್ಲೂಕು
ಗುರುವಾರ, ೯ ಜನವರಿ ೨೦೨೫

ಮಗಳೇ ಅಮೃತ,

ಹೇಗಿದ್ದೀಯಮ್ಮ? ಕಲಬುರಗಿ ಕಡೆ ಈ ಸಲ ಬೆಳಗಿನ ಹೊತ್ತು ವಿಪರೀತ ಚಳಿ ಎಂದು ಪೇಪರಿನಲ್ಲಿ ಓದಿದೆ. ಪರೇಡಿಗೆ ನಿಲ್ಲುವಾಗ ಕಿವಿಗೆ ಏನಾದರೂ ಕಟ್ಟಿಕೊಳ್ಳಲು ಬಿಡುತ್ತಾರೋ, ಪೊಲೀಸರಿಗೆ ಕಿವಿಯೇ ಇರಬಾರದು ಎನ್ನುತ್ತಾರೋ? ಹಿಮ್ಮಡಿಯ ಗುಳ್ಳೆ ಒಣಗಿತೇ? ಚುಚ್ಚಿ ನೀರು ತೆಗೆಯಬೇಡ, ತಾನಾಗಿ ಇಂಗಲಿ. ಕೊಬ್ಬರಿ ಎಣ್ಣೆ ಸವರಿ, ಹತ್ತಿ ಇಟ್ಟು, ಮೇಲೆ ಕಾಲುಚೀಲ ಹಾಕಿಕೋ. ಊಟ ಸೇರುತ್ತಿದೆ ಎಂದು ಹೋದ ಭಾನುವಾರ ಹೇಳಿದೆ, ಆದರೆ ಹೇಳುವ ಮುಂಚೆ ಸ್ವಲ್ಪ ತಡೆದದ್ದು ನನಗೆ ಗೊತ್ತಾಯಿತು. ಹುಟ್ಟಿದಾಗಿನಿಂದ ಮುದ್ದೆ ಉಂಡ ಹೊಟ್ಟೆ, ಇನ್ನೂ ಒಂದಷ್ಟು ದಿನ ಮುದ್ದೆ ಕೇಳುತ್ತದೆ, ಆಮೇಲೆ ಜೋಳದ ರೊಟ್ಟಿಗೆ ಒಗ್ಗಿಕೊಳ್ಳುತ್ತದೆ. ತರಬೇತಿ ಅರ್ಧಕ್ಕೆ ಬಿಟ್ಟು ಬರುವ ಪೈಕಿ ನೀನಲ್ಲ, ಆ ಬಗ್ಗೆ ನನಗೆ ಚಿಂತೆಯಿಲ್ಲ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆದು ಮುಂದಕ್ಕೆ ಹೋಗುವುದು ವಾಡಿಕೆ. ಈ ಸಲ ಹಾಗೆ ಬರೆಯಲಾರೆ. ಭಾನುವಾರ ತರಬೇತಿಯಲ್ಲಿ ನಿಮ್ಮ ಕೈಗೆ ಫೋನು ಕೊಟ್ಟಾಗ ನಿಮ್ಮಪ್ಪ ಸ್ಪೀಕರ್ ಹಾಕಿಕೊಂಡು, "ನಿಮ್ಮವ್ವ ಬಚ್ಚಲಲ್ಲಿ ಜಾರವ್ಳೆ ಕಣಮ್ಮ, ಎಡಗಡೆ ಕಾಲರ್ ಮೂಳೆ ಒಂಚೂರು ಬಿರುಕು ಬುಟ್ಟದೆ, ನೀ ಗಾಬ್ರಿ ಆಗ್ಬ್ಯಾಡ" ಎಂದರಲ್ಲ, ನಾನು ಪಕ್ಕದಲ್ಲೇ ಕೂತು "ಹೂಂ" ಎಂದೆನಲ್ಲ, ಅದರಲ್ಲಿ ಮೂಳೆ ನಿಜ, ಬಚ್ಚಲು ಸುಳ್ಳು. ನಾನು ಬಿದ್ದದ್ದು ನಿನ್ನ ಬೈಕಿನಿಂದ. ಹೋದ ಶುಕ್ರವಾರ, ಹೊತ್ತು ಮೂಡುವ ಮುಂಚೆ, ನಾಲೆ ಸೇತುವೆಗಿಂತ ಮೊದಲು ಬರುವ ಎಡತಿರುವಿನಲ್ಲಿ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನನ್ನ ಫೋನು ಈಗ ನಿಮ್ಮಪ್ಪನ ಜೇಬಿನಲ್ಲಿದೆ. "ರೆಸ್ಟ್ ತಗೊ, ಯಾರ್ಯಾರೋ ಮಾಡಿ ತಲೆ ತಿಂತಾರೆ" ಎಂದು ತೆಗೆದಿಟ್ಟುಕೊಂಡಿದ್ದಾರೆ. ಕಾಗದ ಪೆನ್ನನ್ನೂ ತೆಗೆದಿಡಬೇಕೆಂದು ಅವರಿಗೆ ಹೊಳೆಯಲಿಲ್ಲ. ಇಷ್ಟು ವರ್ಷ ಊರಿನ ಲೈಬ್ರರಿ ನೋಡಿಕೊಂಡವಳ ಮನೆಯಲ್ಲಿ ಅದು ಎಲ್ಲಿ ಕೈ ಹಾಕಿದರೂ ಸಿಗುವ ವಸ್ತು.

ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ನೀನು ಹೋಗುವ ಮುಂಚೆ ಎರಡೂ ಚಕ್ರಕ್ಕೆ ಹೊಸ ಟೈರು ಹಾಕಿಸಿ, "ಅಮ್ಮ, ವಾರಕ್ಕೆರಡು ಸಲ ಓಡ್ಸು, ಇಲ್ದಿದ್ರೆ ಬ್ಯಾಟ್ರಿ ಸಾಯ್ತದೆ. ಹೊಸ ಟೈರು ಮೊದಮೊದ್ಲು ನುಣ್ಣಗಿರ್ತದೆ, ಅದ್ರಲ್ಲೂ ಬೆಳಗ್ಗೆ ಥಂಡೀಲಿ ರೋಡ್ ಹಿಡಿಯಲ್ಲ. ಬಿಸಿ ಆಗೋಗಂಟ ತಿರುವಲ್ಲಿ ವಾಲುಸ್ಬೇಡ" ಎಂದು ಬಾಗಿಲಲ್ಲಿ ನಿಂತು ಎರಡೆರಡು ಸಲ ಹೇಳಿದ್ದೆ. ನಾನು ಒಂದಕ್ಷರವೂ ಮರೆತಿರಲಿಲ್ಲ. ಆದರೆ ನೀನು ಹೋದ ಮೇಲೆ ಮನೆಗೆ ನೆಂಟರು, ಆಮೇಲೆ ಕಬ್ಬಿನ ಕಟಾವು, ಬೈಕು ಕೊಟ್ಟಿಗೆಯ ಪಕ್ಕದ ಕಲ್ಲುಚಪ್ಪಡಿಯ ಮೇಲೆ ನಿಂತೇ ಇತ್ತು. ಶುಕ್ರವಾರ ಮಂಜು ಬಿದ್ದಿತ್ತು. ಸೀಟು ಒರೆಸಿದೆ, ಕನ್ನಡಿ ಒರೆಸಿದೆ, ಗಾಳಿ ನೋಡಲಿಲ್ಲ. ಊರು ಬಿಟ್ಟು ತಿರುವಿಗೆ ಎಷ್ಟು ದೂರ ಹೇಳು, ಅಷ್ಟರಲ್ಲಿ ಟೈರು ಬಿಸಿಯಾಗುವುದು ಎಲ್ಲಿಂದ ಬಂತು! ನಾನು ಆ ಹೊತ್ತಿನಲ್ಲಿ ನಾಲೆಯ ಏರಿಗೆ ತಡೆಗೋಡೆ ಕಟ್ಟದ ಇಂಜಿನಿಯರುಗಳ ವಿರುದ್ಧ ಪೇಪರಿಗೆ ಒಂದು ಪತ್ರವನ್ನು ಮನಸ್ಸಿನಲ್ಲೇ ಬರೆಯುತ್ತಿದ್ದೆ. ಚೆನ್ನಾಗಿ ಬರುತ್ತಿತ್ತು. ಆ ಹುರುಪಿನಲ್ಲಿ, ನೀನು ವಾಲಿಸುವ ಹಾಗೇ ವಾಲಿಸಿದೆ. ಮುಂದಿನ ಚಕ್ರ ಹೇಳದೆ ಕೇಳದೆ ಹೊರಗೆ ಹೋಯಿತು. ಅಲ್ಲಿ ಮರಳಿರಲಿಲ್ಲ, ಸಗಣಿ ಇರಲಿಲ್ಲ, ಹೊಟ್ಟಿರಲಿಲ್ಲ, ನಾನು ಬ್ರೇಕನ್ನೂ ಮುಟ್ಟಿರಲಿಲ್ಲ. ಗುಡಿಸಿದ ಹಾಗಿದ್ದ ಡಾಂಬರು. ಇದನ್ನು ಗಟ್ಟಿಯಾಗಿ ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಬೈಕೂ ನಾನೂ ಎಡಕ್ಕೆ ಮಲಗಿಕೊಂಡೇ ಜಾರಿ, ತಿರುವಿನಾಚೆ ಚಿಕ್ಕಬೋರಮ್ಮ ರಸ್ತೆಗೆ ಹರಡಿದ್ದ ಹುರುಳಿಯೊಳಗೆ ನುಗ್ಗಿ, ಬಳ್ಳಿಗೆಲ್ಲ ಸಿಕ್ಕಿಕೊಂಡು ನಿಂತೆವು. ಅವಳು ಪ್ರತಿವರ್ಷದಂತೆ ಮೊದಲ ಬಸ್ಸಿನ ಚಕ್ರಕ್ಕೆ ಸಿಗಲೆಂದು ನಸುಕಿನಲ್ಲೇ ಹುರುಳಿ ಹಾಸುತ್ತಿದ್ದಳು. ನಾಲ್ಕು ಬಸ್ಸು, ಹತ್ತು ಕಬ್ಬಿನ ಗಾಡಿ ಓಡಾಡಿದರೆ ಕಾಯಿ ಒಡೆದು ಕಾಳು ಬೀಳುತ್ತದೆ, ಹೊಟ್ಟು ತೂರಿಕೊಂಡರೆ ಅವಳ ಒಕ್ಕಣೆ ಮುಗಿಯಿತು. ಆ ಹುರುಳಿಯ ಹಾಸಿನಿಂದ ನಾಲೆಯ ಅಂಚಿಗೆ ಒಂದು ಎತ್ತಿನಗಾಡಿ ನಿಲ್ಲುವಷ್ಟು ಜಾಗವಿರಲಿಲ್ಲ. ನಾಲೆ ತುಂಬಿ ಹರಿಯುತ್ತಿತ್ತು. ನನಗೆ ಈಜು ಬರುವುದಿಲ್ಲವೆಂದು ನಿನಗೆ ಗೊತ್ತು. "ಅಯ್ಯೋ ನನ್ನವ್ವಾ, ದೇವೀರವ್ವಾ, ಜೀವ ಅದಾ?" ಎಂದು ಅರಚಿಕೊಂಡು ಓಡಿ ಬಂದ ಚಿಕ್ಕಬೋರಮ್ಮ ನನ್ನ ಕಾಲನ್ನು ಬೈಕಿನ ಕೆಳಗಿಂದ ಎಳೆದಳು. ಇಂಜಿನ್ನು ಇನ್ನೂ ಗುಡುಗುಡು ಎನ್ನುತ್ತಿತ್ತು. "ಕೆಡವಿದ್ದು ಸಾಲ್ದಾ, ಸುಮ್ಕಿರು ಮುಂಡೇದೇ" ಎಂದು ಅದಕ್ಕೆ ಬೈದಳು, ಅದು ಆರಿಹೋಯಿತು. ಆ ನೋವಿನಲ್ಲೂ ನನಗೆ ನಗು ಬಂತು.

ಪಕ್ಕದ ಗದ್ದೆಗೆ ನೀರು ತಿರುಗಿಸಲು ಹೋಗಿದ್ದ ನಿಮ್ಮಪ್ಪ ಸದ್ದು ಕೇಳಿ ಓಡಿ ಬಂದರು. ನ್ಯಾಯವಾಗಿ ಹೇಳುತ್ತೇನೆ, ಬಂದವರು ಮೊದಲು ನನ್ನ ತಲೆ ಮುಟ್ಟಿದರು, ಕೈ ಮುಟ್ಟಿದರು. ಕಣ್ಣಲ್ಲಿ ನೀರಿತ್ತು. ಅಷ್ಟರಲ್ಲಿ ಊರ ಕಡೆಯಿಂದ ಡೈರಿಗೆ ಹಾಲು ಹಾಕಲು ಹೋಗುವವರ ಕ್ಯಾನಿನ ಸದ್ದು ಕೇಳಿಸಿತು. ನಿಮ್ಮಪ್ಪ ಬೇರೆ ಮನುಷ್ಯರಾಗಿಬಿಟ್ಟರು. "ಬೋರಮ್ಮಕ್ಕ, ಇವ್ಳ ಗದ್ದೆ ಬದ ಹಿಡ್ದು ಹಿಂದ್ಲ ಬಾಗ್ಲಿಂದ ಮನೆಗೆ ಸೇರ್ಸು. ಇವ್ಳು ಗಾಡಿ ಓಡ್ಸಿದ್ ಸುದ್ದಿ ಯಾರ್ ಕಿವಿಗೂ ಬೀಳ್ಕೂಡ್ದು. ಪಟ್ಟಲದಮ್ಮನ ಮ್ಯಾಲೆ ಆಣೆ ಮಡಗು" ಎಂದರು. ಅವಳು ಕೈಲಿದ್ದ ಕವೆಗೋಲು ಕೆಳಗಿಟ್ಟು, ಗುಡಿಯ ದಿಕ್ಕಿಗೆ ತಿರುಗಿ, ತಲೆ ಮೇಲೆ ಕೈಯಿಟ್ಟುಕೊಂಡು ಆಣೆ ಇಟ್ಟಳು. ಆಮೇಲೆ ತನ್ನ ಸೀರೆಯ ಸೆರಗಿನಲ್ಲೇ ನನ್ನ ತೋಳು ಕಟ್ಟಿ ನಡೆಸಿಕೊಂಡು ಹೊರಟಳು. ಜೋಳದ ಹೊಲ ದಾಟುವಾಗ ಹಿಂದಿನಿಂದ ಮಾತು ಕೇಳುತ್ತಿತ್ತು. "ಯಾಕ್ ಸ್ವಾಮಣ್ಣ, ಏನಾಯ್ತು?" "ಜಾರ್ತು ಕಣ್ಲಾ." "ಬೋರಮ್ಮನ್ ಉಳ್ಳಿ ಮ್ಯಾಲಾ?" ಆಮೇಲೆ ನಿಮ್ಮಪ್ಪನ ದನಿ: "ಊಂ." ನನ್ನ ಪಕ್ಕದಲ್ಲಿ ನಡೆಯುತ್ತಿದ್ದ ಚಿಕ್ಕಬೋರಮ್ಮನಿಗೂ ಅದು ಕೇಳಿಸಿತು. ಅವಳು ನಿಂತಳು, ನನ್ನ ಮುಖ ನೋಡಿದಳು, "ನಡಿ ಅವ್ವ, ಇಬ್ನಿ ಅದೆ, ಕಾಲ್ ಜಾರ್ತದೆ" ಎಂದಳು.

ಅವರು ಯಾಕೆ ಹಾಗಂದರು ಎಂದು ನಾನು ಆರು ದಿನದಿಂದ ಯೋಚಿಸುತ್ತಿದ್ದೇನೆ. ಮೂವತ್ತು ವರ್ಷ ಗಾಡಿ ಓಡಿಸಿದ ಗಂಡಸು ಖಾಲಿ ರಸ್ತೆಯಲ್ಲಿ ಬಿದ್ದ ಎಂದರೆ ಮಾನ ಹೋಗುತ್ತದೆ, ಹೆಂಡತಿ ಬಿದ್ದಳು ಎಂದರೆ ಇನ್ನೂ ಹೋಗುತ್ತದೆ, ಹುರುಳಿ ಬೀಳಿಸಿತು ಎಂದರೆ ಯಾರ ಮಾನವೂ ಹೋಗುವುದಿಲ್ಲ. ಹುರುಳಿಗೆ ಮಾನವಿಲ್ಲವಲ್ಲ. ಆದರೆ ಹುರುಳಿಗೆ ಒಡತಿ ಇದ್ದಾಳೆ. ಆ ಕ್ಷಣದಲ್ಲಿ ಅವರು ಅದನ್ನು ಮರೆತರು. ಗುಂಪಿನಲ್ಲಿ ಯಾರೋ, "ನಿಂಗೇನೂ ಏಟಾಗ್ಲಿಲ್ವಾ?" ಎಂದು ಕೇಳಿದ್ದಾರೆ. ಅದಕ್ಕೆ ಉತ್ತರವಾಗಿ ಬಲಗಾಲನ್ನು ಸ್ವಲ್ಪ ಎತ್ತಿ ಹಿಡಿದಿದ್ದಾರೆ. ಅಂದು ಎತ್ತಿದ ಕಾಲು ಇನ್ನೂ ಸರಿಯಾಗಿ ಕೆಳಗೆ ಬಂದಿಲ್ಲ ಕಣಮ್ಮ. ನಿಮ್ಮಪ್ಪ ಕುಂಟುತ್ತಿದ್ದಾರೆ. ಬೀದಿಯಲ್ಲಿ ಕುಂಟುತ್ತಾರೆ, ಡೈರಿಯಲ್ಲಿ ಕುಂಟುತ್ತಾರೆ, ಬಾಗಿಲು ಹಾಕಿದ ಮೇಲೆ ಮನೆಯೊಳಗೆ ಮಜ್ಜಿಗೆ ತರಲು ಹೋಗುವಾಗಲೂ ಕುಂಟುತ್ತಾರೆ.

ಮಳವಳ್ಳಿಯಲ್ಲಿ ತೋರಿಸಿದರೆ ಯಾರಾದರೂ ಗುರುತಿನವರು ಸಿಗುತ್ತಾರೆಂದು ನನ್ನನ್ನು ಮಂಡ್ಯಕ್ಕೆ ಕರೆದುಕೊಂಡು ಹೋದರು. ಆ ರಸ್ತೆಯ ಒಂದೊಂದು ಹಳ್ಳವೂ ನನ್ನ ಮೂಳೆಗೆ ಬಂದು ತಗಲಿತು. ಡಾಕ್ಟರು ಎಳೆ ವಯಸ್ಸಿನವರು, ನನ್ನ ಅಂಗೈಯ ತರಚು ಗಾಯಗಳನ್ನು ತಿರುಗಿಸಿ ನೋಡಿ, "ಹೇಗೆ ಬಿದ್ರಿ ಅಮ್ಮ?" ಎಂದರು. ನಾನು ಬಾಯಿ ತೆರೆಯುವ ಮುಂಚೆ ನಿಮ್ಮಪ್ಪ, "ಬಚ್ಚಲಲ್ಲಿ ಸಾ" ಎಂದರು. ಡಾಕ್ಟರು ಚಿಮ್ಮಟದಲ್ಲಿ ಒಂದು ಸಣ್ಣ ಕಲ್ಲು ತೆಗೆದು ತಟ್ಟೆಗೆ ಹಾಕುತ್ತಾ, "ಬಚ್ಚಲಿಗೆ ಜಲ್ಲಿ ಹಾಕ್ಸಿದೀರಾ ಯಜಮಾನ್ರೇ?" ಎಂದು ಕೇಳಿದರು. ನರ್ಸು ಮುಖ ತಿರುಗಿಸಿಕೊಂಡು ನಕ್ಕಳು. ನಾನು ನಗಲಿಲ್ಲ. ನನ್ನ ನೋವಿಗೆ ನನ್ನದೇ ಕಾರಣ ಹೇಳುವ ಹಕ್ಕು ನನಗಿಲ್ಲ ಎನ್ನುವುದು ನನಗೆ ಆಗಲೇ ಸರಿಯಾಗಿ ತಿಳಿದದ್ದು. ಭುಜ ಅಲುಗದಂತೆ ಎಂಟರ ಆಕಾರದಲ್ಲಿ ಒಂದು ಪಟ್ಟಿ ಬಿಗಿದು ಕಳಿಸಿದ್ದಾರೆ. ಅದನ್ನು ಕಟ್ಟಿಕೊಂಡರೆ ಎದೆ ಮುಂದಕ್ಕೆ ಬಂದು, ನಾನು ಯಾರಿಗೋ ಸಲಾಮು ಹೊಡೆಯಲು ಕಾಯುತ್ತಿರುವ ಹಾಗೆ ಕಾಣುತ್ತೇನೆ. ನಿನ್ನ ಪರೇಡಿಗೆ ನನ್ನನ್ನೂ ಸೇರಿಸಿಕೊಳ್ಳಬಹುದು.

ಬಿದ್ದವರನ್ನು ನೋಡಿಕೊಂಡು ಹೋಗದಿದ್ದರೆ ನಮ್ಮ ಊರಿನಲ್ಲಿ ಅದು ಜನ್ಮಕ್ಕೆ ಉಳಿಯುವ ಮಾತು. ಶುಕ್ರವಾರ ಸಂಜೆಯಿಂದ ಬ್ರೆಡ್ಡು, ಬಿಸ್ಕತ್ತು, ಕಿತ್ತಳೆ ಹಿಡಿದ ಜನ. ನಿಮ್ಮಪ್ಪ ಪಡಸಾಲೆಯಲ್ಲಿ ದಿವಾನದ ಮೇಲೆ ಬಲಗಾಲಿಗೆ ಬ್ಯಾಂಡೇಜು ಸುತ್ತಿಕೊಂಡು, ಕೆಳಗೆ ದಿಂಬು ಕೊಟ್ಟುಕೊಂಡು ಕೂತಿದ್ದರು. ನಾನು ಒಳಗೆ ಒಂದೇ ಕೈಯಲ್ಲಿ ಅವರಿಗೆಲ್ಲ ಕಾಫಿ ಕಾಯಿಸುತ್ತಿದ್ದೆ. "ಅಣ್ಣ ಬಿದ್ದ ದಿನ್ವೇ ಅಕ್ಕನೂ ಜಾರ್ಬೇಕಾ, ಏನ್ ಗ್ರಾಚಾರ" ಎಂದು ಒಬ್ಬರು. "ಗಂಡ ಬಿದ್ದ ಅಂತ ಕೇಳ್ದೇಟ್ಗೆ ಎದೆ ಒಡ್ದು ಜಾರವ್ಳೆ ಕಣಮ್ಮ" ಎಂದು ಇನ್ನೊಬ್ಬಾಕೆ. ಮರುದಿನದ ಹೊತ್ತಿಗೆ ಊರಿಗೆಲ್ಲ ಅದೇ ಸತ್ಯ. ಈಗ ನಾನು ದೊಡ್ಡ ಪತಿವ್ರತೆ, ನನ್ನನ್ನು ನೋಡಿ ಹೊಸ ಸೊಸೆಯರು ಕಲಿಯಬೇಕಂತೆ. ಮೂಳೆಗಿಂತ ಇದು ಜಾಸ್ತಿ ನೋಯುತ್ತದೆ. ನಾನು ಹೊರಗೆ ಹೋಗುವ ಹಾಗಿಲ್ಲ, ಮುಂಬಾಗಿಲಲ್ಲಿ ಕೂರುವ ಹಾಗಿಲ್ಲ, ಯಾರ ಹತ್ತಿರವೂ ಜಾಸ್ತಿ ಮಾತಾಡುವ ಹಾಗಿಲ್ಲ. ಹಿಂದಿನ ಕೋಣೆಯ ಕಿಟಕಿಯಿಂದ ಕೊಟ್ಟಿಗೆಯ ಪಕ್ಕದ ಖಾಲಿ ಚಪ್ಪಡಿ ಕಾಣುತ್ತದೆ. ಬೈಕು ಅಲ್ಲಿಲ್ಲ.

ಬೈಕಿನ ವಿಷಯಕ್ಕೆ ಬರುತ್ತೇನೆ, ನಿನಗೆ ಜೀವ ಅದರ ಮೇಲೇ ಇರುತ್ತದೆ. ಎಡಗಡೆಯ ಇಂಡಿಕೇಟರು, ಕನ್ನಡಿ ಪುಡಿ. ಕ್ಲಚ್ ಹಿಡಿ ಮುರಿದಿದೆ. ಗೇರಿನ ಕಡ್ಡಿ ಒಳಕ್ಕೆ ಬಾಗಿದೆ. ಲೆಗ್ ಗಾರ್ಡು ಬಾಗಿ ನನ್ನ ಕಾಲು ಉಳಿಸಿತು. ಟ್ಯಾಂಕಿನ ಎಡಪಕ್ಕೆಗೆ ಅಂಗೈಯಷ್ಟು ತಗ್ಗು ಬಿದ್ದಿದೆ. ಚೈನಿನ ತುಂಬ ಹುರುಳಿ ಬಳ್ಳಿ. ನಿಮ್ಮಪ್ಪ ಅದನ್ನು ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಮಳವಳ್ಳಿಗೆ ಯಾಸೀನನ ಗ್ಯಾರೇಜಿಗೆ ಒಯ್ದರು. ಯಾಸೀನ್ ನಿನಗೆ ಮೊದಲ ಸಲ ಚಾವಿ ಕೈಗಿಟ್ಟವನು, ನನ್ನನ್ನು ಬೈಕಿನ ಮೇಲೆ ನೋಡಿ ನಗದ ಒಬ್ಬನೇ ಗಂಡಸು. ಅವನು ಗಾಡಿಯ ಸುತ್ತ ಒಂದು ಸುತ್ತು ಬಂದು, "ಗೌಡ್ರೇ, ಗಾಡಿ ಎಡಕ್ಕೆ ಬಿದ್ದೈತೆ, ನೀವು ಬಲಗಾಲ್ ಕುಂಟ್ತಾ ಇದೀರಲ್ಲ! ಬಿದ್ದ ಮೇಲೆ ಗಾಡಿ ಸುತ್ತ ಒಂದ್ ರೌಂಡ್ ಹೊಡ್ದು ಆ ಕಡೆ ಹೋಗಿ ಮಲಗಿದ್ರಾ?" ಎಂದನಂತೆ. ಜೊತೆಯಲ್ಲಿ ಹೋಗಿದ್ದ ಆಟೋದವನು ಇದನ್ನು ನನಗೆ ಹೇಳಿದ, ಅರ್ಥವಾಗದೆ ಹೇಳಿದ. ನಿಮ್ಮಪ್ಪ ಮನೆಗೆ ಬಂದವರೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಬಂದಾಗ ಬ್ಯಾಂಡೇಜು ಎಡಗಾಲಿಗೆ ಬಂದಿತ್ತು. ಹುಡುಗಿ, ನಾನು ಗೋಡೆಗೆ ತಿರುಗಿಕೊಂಡು ನಕ್ಕು ನಕ್ಕು ಮೂಳೆ ನೋವಿಗೆ ಅತ್ತೆ. ಊರಿನಲ್ಲಿ ಇದನ್ನು ಯಾರೂ ಗಮನಿಸಿಲ್ಲ. ಕುಂಟುವ ಗಂಡಸಿನ ಕಾಲು ಯಾವುದು ಎಂದು ಯಾರು ಎಣಿಸುತ್ತಾರೆ! ಗಾಡಿ ಶನಿವಾರಕ್ಕೆ ಸಿಗುತ್ತದಂತೆ. ಟೈರಿಗೇನೂ ಆಗಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಹಾಸ್ಯವೆಂದು ಬರೆದು ನಿನ್ನನ್ನು ನಗಿಸುತ್ತಿದ್ದೆ. ಆದರೆ ಜವರಯ್ಯ ಸುಮ್ಮನಿರಲಿಲ್ಲ. ಒಕ್ಕಣೆ ಯಂತ್ರ ತಂದು ಬಾಡಿಗೆಗೆ ಬಿಟ್ಟಿರುವ ಪಂಚಾಯ್ತಿ ಮೆಂಬರ್ ಜವರಯ್ಯನೇ. ಎರಡು ವರ್ಷದಿಂದ ಅವನ ಯಂತ್ರದ ಹತ್ತಿರ ಜನ ಸುಳಿದಿಲ್ಲ, ರಸ್ತೆ ಇರುವಾಗ ಯಾಕೆ ಸುಳಿಯಬೇಕು? ಅವನಿಗೆ ನಿಮ್ಮಪ್ಪನ ಕುಂಟು ಕಾಲು ಹಬ್ಬದೂಟದ ಹಾಗೆ ಸಿಕ್ಕಿತು. ಬರುವ ಭಾನುವಾರಕ್ಕೆ ಪಟ್ಟಲದಮ್ಮನ ಗುಡಿ ಜಗಲಿಯಲ್ಲಿ ನ್ಯಾಯ ಕರೆದಿದ್ದಾನೆ. ಚಿಕ್ಕಬೋರಮ್ಮ ಊರ ಮುಂದೆ ತಪ್ಪು ಒಪ್ಪಿಕೊಂಡು ನಿಮ್ಮಪ್ಪನ ಕಾಲಿಗೆ ಬೀಳಬೇಕು, ಇನ್ನು ಮೇಲೆ ರಸ್ತೆಯಲ್ಲಿ ಯಾರೂ ಒಕ್ಕಣೆ ಮಾಡಕೂಡದು, ಇದು ಅವನ ತೀರ್ಮಾನ, ನ್ಯಾಯ ಕೂರುವ ಮುಂಚೆಯೇ ಆಗಿಹೋಗಿದೆ. ಮತ್ತೆ ಅವನ ಕೈಯಲ್ಲಿರುವ ದೊಡ್ಡ ಆಯುಧ ಏನು ಗೊತ್ತೇ? ನಾನು. ರಸ್ತೆಯಲ್ಲಿ ಒಕ್ಕಣೆ ನಿಲ್ಲಿಸಿ ಎಂದು ವಾಚಕರ ಅಂಕಣಕ್ಕೆ ವರ್ಷ ವರ್ಷವೂ ಬರೆದವಳು ನಾನೇ ತಾನೇ? ಅವನ್ನೆಲ್ಲ ಜೆರಾಕ್ಸ್ ಮಾಡಿಸಿ ಟೀ ಅಂಗಡಿ ಗೋಡೆಗೆ ಅಂಟಿಸಿದ್ದಾನೆ. "ನಮ್ ಲೈಬ್ರರಿ ಅಕ್ಕಾವ್ರು ಅವತ್ತೇ ಬರ್ದವ್ರೆ, ಓದ್ಕೊಳ್ರಲಾ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಾನೆ. ಹೋದ ವರ್ಷದವರೆಗೆ "ಅಕ್ಕನಿಗೆ ಬೇರೆ ಕೆಲ್ಸ ಇಲ್ಲ" ಎನ್ನುತ್ತಿದ್ದವನೂ ಅವನೇ.

ಬರೆದದ್ದನ್ನು ನಾನು ಇಲ್ಲವೆನ್ನುವುದಿಲ್ಲ. ಆದರೆ ಈ ಊರಿಗೆ ಒಂದು ಕಣವಿತ್ತು ಎನ್ನುವುದು ನನಗೆ ನೆನಪಿದೆ, ಜವರಯ್ಯನಿಗೂ ನೆನಪಿದೆ, ಅವನು ಹೇಳುವುದಿಲ್ಲ ಅಷ್ಟೆ. ನಾನು ಮದ್ದೂರಿನಿಂದ ಸೊಸೆಯಾಗಿ ಬಂದಾಗ ಗುಡಿಯ ಹಿಂದೆ ಊರ ಕಣ. ಸಗಣಿ ಸಾರಿಸಿ ಕನ್ನಡಿ ಹಾಗಿಡುತ್ತಿದ್ದರು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು, ಸರದಿಯಂತೆ ಉಳ್ಳವರೂ ಇಲ್ಲದವರೂ ಅಲ್ಲೇ ಕಲ್ಲುಗುಂಡು ಎಳೆಸುತ್ತಿದ್ದರು. ಆಮೇಲೆ ಅರ್ಧಕ್ಕೆ ಸಮುದಾಯ ಭವನ ಬಂತು, ಉಳಿದರ್ಧದಲ್ಲಿ ಈಗ ಜವರಯ್ಯನ ಯಂತ್ರ ನಿಂತಿರುವ ತಗಡಿನ ಶೆಡ್ಡು ಇದೆ. ಉಳ್ಳವರು ಹೊಲದಲ್ಲೇ ಸಿಮೆಂಟಿನ ಕಣ ಹಾಕಿಸಿಕೊಂಡರು. ಚಿಕ್ಕಬೋರಮ್ಮನಂಥವರು ರಸ್ತೆಗೆ ಬಂದರು. ಕಣ ಕಿತ್ತುಕೊಂಡವನೇ ಈಗ ರಸ್ತೆಯಿಂದಲೂ ಏಳಿ ಎನ್ನುತ್ತಿದ್ದಾನೆ, ಅದಕ್ಕೆ ನನ್ನ ಬರಹದ ಸಾಕ್ಷಿ ಕೊಡುತ್ತಿದ್ದಾನೆ. ನನ್ನ ಪತ್ರಗಳ ಪಕ್ಕದಲ್ಲಿ ಅಂಟಿಸಲು ಹೊಸದೊಂದು ಬರೆಯೋಣವೆಂದರೆ ಟೀ ಅಂಗಡಿಯವರೆಗೂ ಹೋಗಲು ನನಗೆ ಅಪ್ಪಣೆಯಿಲ್ಲ.

ಚಿಕ್ಕಬೋರಮ್ಮ ಹುರುಳಿಯನ್ನು ಅಂದೇ ರಸ್ತೆಯಿಂದ ಬಾಚಿ ತನ್ನ ಮನೆ ಮುಂದೆ ಗುಡ್ಡೆ ಹಾಕಿದ್ದಾಳೆ. ಅರ್ಧ ಒಡೆದಿದೆ, ಅರ್ಧ ಒಡೆದಿಲ್ಲ. ಎರಡು ದಿನದಿಂದ ಮೋಡ ಕಟ್ಟಿದೆ. ಒಂದು ಹನಿ ಬಿದ್ದರೆ ಒಳಗಿಂದ ಮುಗ್ಗಲು ಹಿಡಿಯುತ್ತದೆ, ವರ್ಷದ ಕಾಳು ದನಕ್ಕೂ ಆಗದಂತೆ ಹೋಗುತ್ತದೆ. ಯಾರೂ ಮೇಲೆ ಹೊದಿಸಲು ಒಂದು ತಾಡಪಾಲು ಕೊಟ್ಟಿಲ್ಲ, ನ್ಯಾಯ ಮುಗಿಯುವವರೆಗೆ ಅವಳಿಗೆ ಯಾರೂ ಏನೂ ಕೊಡುವುದಿಲ್ಲ. ನಿನ್ನೆ ಮಧ್ಯಾಹ್ನ ನಿಮ್ಮಪ್ಪ ಇಲ್ಲದ ಹೊತ್ತು ನೋಡಿಕೊಂಡು ಹಿಂದಿನ ಬಾಗಿಲಿಗೆ ಬಂದು ನನಗೆ ಹುರುಳಿ ಕಟ್ಟಿನ ಸಾರು ಕೊಟ್ಟಳು. "ಮೂಳೆಗೆ ಒಳ್ಳೇದು, ಕುಡಿ" ಎಂದಳು. ನಾನು ಅವಳ ಕೈ ಹಿಡಿದುಕೊಂಡು, ನಡೆದದ್ದನ್ನು ಹೇಳಿಬಿಡು, ನಾನು ನಿನ್ನ ಪರ ನಿಲ್ಲುತ್ತೇನೆ ಎಂದೆ. "ಎಂಗ್ ಏಳ್ಲಿ ಅವ್ವ? ಅಮ್ಮನ್ ಮ್ಯಾಲೆ ಆಣೆ ಮಡಗೀವ್ನಿ. ಮಡಗ್ಸ್ಕೊಂಡೋರೇ ಬಂದು ಬುಟ್ಟಿವ್ನಿ ಅನ್ಬೇಕು. ನಿನ್ ಗಂಡ ಅನ್ನೋಗಂಟ ನನ್ ಬಾಯಿ ನಂದಲ್ಲ" ಎಂದಳು. ಸಾರಿನ ಪಾತ್ರೆ ಎತ್ತಿಕೊಂಡು, "ಕಾಲಿಗ್ ಬೀಳಾದು ಏನ್ ಮಹಾ, ಬಿದ್ದೇಳ್ತೀನಿ. ಮಳೆ ಒಂದ್ ಬರ್ದೆ ಇದ್ರೆ ಸಾಕು" ಎಂದಳು. ನಾನು ಎದ್ದು ನಿಂತು ಹೇಳಬಹುದು, ಹೌದು. ಜವರಯ್ಯ ಆಗ ಅವಳ ಕಡೆ ತಿರುಗಿ, "ಏನಮ್ಮಿ, ಅಕ್ಕ ಅನ್ನೋದು ದಿಟ್ವಾ?" ಎಂದು ಕೇಳುತ್ತಾನೆ. ಅವಳು ಬಾಯಿ ಬಿಡುವುದಿಲ್ಲ. ಅವಳ ಮೌನವೇ ಅವಳನ್ನು ತಪ್ಪಿತಸ್ಥಳನ್ನಾಗಿ ಮಾಡುತ್ತದೆ, ನಾನು ಪಾಪದವಳ ಮೇಲೆ ಕನಿಕರಪಟ್ಟು ಸುಳ್ಳು ಹೇಳುವ ಲೈಬ್ರರಿ ಅಕ್ಕ ಆಗುತ್ತೇನೆ.

ನಿಮ್ಮಪ್ಪನನ್ನು ಕೆಟ್ಟವರೆಂದುಕೊಳ್ಳಬೇಡ. ಹೊಸದರಲ್ಲಿ ನಾನು ಲೈಬ್ರರಿಗೆ ಸೈಕಲ್ ತುಳಿದುಕೊಂಡು ಹೋಗುವಾಗ ಊರ ಹಿರಿಯರು ಮನೆ ಬಾಗಿಲಿಗೆ ಬಂದಿದ್ದರು. ಇದೇ ನಿಮ್ಮಪ್ಪ ಜಗಲಿ ಮೇಲೆ ನಿಂತು, "ತುಳೀಲಿ ಬುಡ್ರಯ್ಯ, ನಿಮ್ಮನೆ ಚಕ್ರ ಸವೀತದಾ?" ಎಂದು ಕಳಿಸಿದ್ದರು. ಆ ಮನುಷ್ಯ ಎಲ್ಲಿ ಹೋದರು ಎಂದು ಹುಡುಕುತ್ತಿದ್ದೇನೆ. ನೀನು ನನಗೆ ಬೈಕು ಕಲಿಸಿದಾಗಲೂ ಅವರು ಬೇಡ ಎನ್ನಲಿಲ್ಲ, "ಊರ್ ಏಳೋದ್ರೊಳಗೆ ಓಡ್ಸಿ ತಂದು ನಿಲ್ಲುಸ್ಬುಡು" ಎಂದರು. ನಾವಿಬ್ಬರೂ ಅದನ್ನು ಒಪ್ಪಿಗೆ ಎಂದುಕೊಂಡು ಖುಷಿಪಟ್ಟೆವು. ಯೋಚಿಸಿ ನೋಡು. ಒಬ್ಬ ಹೆಂಗಸು ಯಾರೂ ನೋಡದ ಹೊತ್ತಿನಲ್ಲಿ ಮಾತ್ರ ಗಾಡಿ ಓಡಿಸಬೇಕು ಎಂದರೆ ಮಂಜಿನಲ್ಲೇ ಓಡಿಸಬೇಕು, ಟೈರು ತಣ್ಣಗಿರುವಾಗಲೇ ಓಡಿಸಬೇಕು. ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಡೈರಿ ಮುಂದೆ, ಎಲ್ಲರ ಎದುರು ನಾನು ಹೊರಟಿದ್ದರೆ ಆ ತಿರುವಿನಲ್ಲಿ ಚಕ್ರ ಹಿಡಿದುಕೊಳ್ಳುತ್ತಿತ್ತು. ಟೈರಿನ ಮೇಲೆ ನನಗೆ ಸಿಟ್ಟಿಲ್ಲ, ನನ್ನ ಮೇಲೆ ಸ್ವಲ್ಪ ಇದೆ. ಆ ಹೊತ್ತನ್ನು ನನಗೆ ಗೊತ್ತುಮಾಡಿಕೊಟ್ಟವರ ಮೇಲೆ ತುಂಬ ಇದೆ.

ನಿಜ ಹೇಳಿಬಿಡಿ ಎಂದು ನಿಮ್ಮಪ್ಪನನ್ನು ಪ್ರತಿ ರಾತ್ರಿ ಕೇಳುತ್ತೇನೆ. "ಭಾನುವಾರ ಒಂದ್ ಕಳೀಲಿ" ಎನ್ನುತ್ತಾರೆ. ಭಾನುವಾರ ಕಳೆದ ಮೇಲೆ ಹೇಳಿ ಏನು ಪ್ರಯೋಜನ ಎಂದರೆ ಆ ಕಡೆ ತಿರುಗಿ ಮಲಗುತ್ತಾರೆ. ಎಡಗಾಲನ್ನು ಜೋಪಾನವಾಗಿ ದಿಂಬಿನ ಮೇಲಿಟ್ಟುಕೊಂಡು.

ಈ ಕಾಗದ ನಿನಗೆ ಸೇರುವ ಹೊತ್ತಿಗೆ ನ್ಯಾಯ ಮುಗಿದಿರುತ್ತದೆ. ಹಾಗಾಗಿ ನೀನು ಏನನ್ನೂ ಮಾಡಬೇಕಾಗಿಲ್ಲ, ರಜೆ ಕೇಳಬೇಕಾಗಿಲ್ಲ, ನಿಮ್ಮ ಸಾಹೇಬರಿಂದ ಇಲ್ಲಿಗೆ ಫೋನು ಮಾಡಿಸಬೇಕಾಗಿಲ್ಲ. ನಿಜ ಏನೆಂದು ನಿನಗೆ ಗೊತ್ತಿರಲಿ, ಅಷ್ಟೆ. ನಿನ್ನ ಗಾಡಿಗೆ ಗಾಯ ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಟ್ಯಾಂಕಿನ ತಗ್ಗನ್ನು ಯಾಸೀನ್ ಎಬ್ಬಿಸುತ್ತೇನೆ ಎಂದಿದ್ದಾನಂತೆ, ಬಣ್ಣ ಮಾತ್ರ ಹೊಂದುವುದಿಲ್ಲವಂತೆ. ಸಂಕ್ರಾಂತಿಗೆ ಎಳ್ಳು ಬೆಲ್ಲ ಬೇರೆ ಪೊಟ್ಟಣದಲ್ಲಿ ಕಳಿಸುತ್ತೇನೆ. ಪಕ್ಕದ ಮಂಚದ ಹುಡುಗಿಗೂ ಕೊಡು, ಆ ಅಮ್ಮನಿಲ್ಲದ ಮಗುವಿಗೆ ನನ್ನ ಹಾರೈಕೆ ಹೇಳು. ಓಡುವಾಗ ಬಾಯಿಯಲ್ಲಿ ಉಸಿರು ಎಳೆಯಬೇಡ. ನಿನ್ನ ಬೆನ್ನು ನೆಟ್ಟಗಿರಲಿ, ಕಾಲು ಗಟ್ಟಿಯಾಗಿರಲಿ, ಖಾಕಿ ಹಾಕಿದ ಮೇಲೂ ಬಾಯಿ ಹೀಗೇ ಇರಲಿ.

ಇಂತು ನಿನ್ನನ್ನು ದಿನಾ ನೆನೆಯುವ ಅಮ್ಮ,
ದೇವೀರಮ್ಮ

ಬರೆದು ಮುಗಿಸಿದ ಮೇಲೆ: ಲಕೋಟೆಗೆ ಅಂಟು ಹಚ್ಚಲು ಹೋದವಳು ನಿಲ್ಲಿಸಿದೆ. ಅಮೃತ, ನಾನು ಹೊಸಿಲು ದಾಟುವ ಹಾಗಿಲ್ಲವಾದ್ದರಿಂದ ಇದನ್ನು ಬೆಳಕವಾಡಿಗೆ ಹೋಗಿ ಅಂಚೆಗೆ ಹಾಕಬೇಕಾದವರು ನಿಮ್ಮಪ್ಪ. ನೀನು ಹಾಸ್ಟೆಲಿನಲ್ಲಿದ್ದಾಗಿನಿಂದಲೂ ನಾನು ನಿನಗೆ ಬರೆದದ್ದನ್ನು ಅವರು ದಾರಿಯಲ್ಲಿ ನಿಂತು ಓದದೆ ಹಾಕಿದ್ದೇ ಇಲ್ಲ. ಅದಕ್ಕೇ ಅಂಟಿಸದೆ ಕೊಡುತ್ತಿದ್ದೇನೆ. ಇಲ್ಲಿಂದ ಮುಂದಿನದು ನಿನಗಲ್ಲ.

ರೀ, ಎದುರಿಗೆ ಹೇಳಿದರೆ ಎದ್ದು ಹೋಗುತ್ತೀರಿ, ಅದಕ್ಕೆ ಇಲ್ಲಿ ಬರೆದೆ. ಭಾನುವಾರ ನಾನು ಗುಡಿಯ ಹತ್ತಿರ ಬರುತ್ತೇನೆ, ಬಂದು ಗಾಡಿ ಓಡಿಸಿದವಳು ನಾನು ಎಂದು ಹೇಳುತ್ತೇನೆ. ಅದನ್ನು ನೀವು ತಡೆಯಲಾರಿರಿ. ಆದರೆ ಅವಳ ಆಣೆ ಬಿಡಿಸುವುದು ನನ್ನ ಕೈಲಿಲ್ಲ, ನಿಮ್ಮ ಕೈಲಿದೆ. ಆ ಹುರುಳಿ ಅಡ್ಡ ಇರದಿದ್ದರೆ ನೀವು ಅಂದು ನನ್ನನ್ನು ನಾಲೆಯಲ್ಲಿ ಹುಡುಕಬೇಕಿತ್ತು. ಅಟ್ಟದ ಮೇಲಿರುವ ನಮ್ಮ ತಾಡಪಾಲು ಇಳಿಸಿ ಸೈಕಲ್ಲಿಗೆ ಕಟ್ಟಿಕೊಳ್ಳಿ, ಹೊರಗೆ ಗಾಳಿ ತಣ್ಣಗಾಗುತ್ತಿದೆ. ಮೊದಲು ಅವಳ ಮನೆಗೆ ಹೋಗಿ, ಆಮೇಲೆ ಅಂಚೆ ಡಬ್ಬಕ್ಕೆ.